ಹೈಬ್ರಿಡ್ ಅಂದ್ರೆ ಕುಲಾಂತರಿನಾ? ಶಿಡ್ಲಘಟ್ಟದ ಮಾವನ ಟೊಮ್ಯಾಟೊ ಕ್ರೇಟು, ಅತ್ತೆಯ ಮೀನಿನ ಜೀನು

ಓದುಗರ ಪ್ರಶ್ನೆ: ಸರ್, ನಾವು ಬನಶಂಕರಿಯಲ್ಲಿರೋದು, ಇಬ್ಬರು ಮಕ್ಕಳು. ಎರಡು ವರ್ಷದಿಂದ ಮನೆ ಹತ್ರದ ಒಂದು ಸಾವಯವ ಅಂಗಡಿಯಿಂದಲೇ ತರಕಾರಿ ತರ್ತಿದೀವಿ, ಹೊರಗಿನ ರೇಟಿಗೆ ಡಬಲ್ ಕೊಟ್ಟು. ನಮ್ಮ ಮಾವ ಶಿಡ್ಲಘಟ್ಟದ ಹತ್ರ ಎರಡು ಎಕರೆಯಲ್ಲಿ ಟೊಮ್ಯಾಟೊ, ರಾಗಿ ಬೆಳೀತಾರೆ. ಹೋದ ತಿಂಗಳು ಒಂದು ಕ್ರೇಟ್ ಟೊಮ್ಯಾಟೊ ತಂದು ಆ ಅಂಗಡಿಯವರಿಗೆ ತೋರಿಸಿದ್ವಿ, ಅವರು "ಇದು ಹೈಬ್ರಿಡ್, ಹೈಬ್ರಿಡ್ ಅಂದ್ರೆ ಜಿಎಂ, ನಾವು ಮುಟ್ಟಲ್ಲ" ಅಂದುಬಿಟ್ರು. ಮಾವ ಊರಿಗೆ ವಾಪಸ್ ಹೋಗೋವರೆಗೂ ಸರಿಯಾಗಿ ಮಾತಾಡಲಿಲ್ಲ. ಅತ್ತೆಗೆ ಬೇರೆ ಯಾರೋ ವಾಟ್ಸಾಪಲ್ಲಿ ಟೊಮ್ಯಾಟೊಗೆ ಮೀನಿನ ಜೀನ್ ಹಾಕ್ತಾರೆ ಅಂತ ಕಳಿಸಿದ್ದಾರೆ, ನಾವು ಸಸ್ಯಾಹಾರಿಗಳು, ಈಗ ಸಾರಿಗೆ ಬರೀ ಹುಣಸೆಹಣ್ಣು. ನಿಜ ಏನು? ಸಾವಯವದವರು ಇಷ್ಟು ವರ್ಷದಿಂದ ವಿರೋಧ ಮಾಡ್ತಿದ್ದಾರೆ ಅಂದ್ರೆ ಏನೋ ಇರಬೇಕಲ್ವಾ? ಮಾವ ಸಾವಯವಕ್ಕೆ ಬದಲಾಗೋದಾದ್ರೆ ಬೀಜನೂ ಬದಲಾಯಿಸಬೇಕಾ?

ಉತ್ತರ:

ಮೊದಲು ಅತ್ತೆಯವರಿಗೆ ಹೇಳಿಬಿಡಿ, ಸಾರಿಗೆ ಟೊಮ್ಯಾಟೊ ಧಾರಾಳವಾಗಿ ಹಾಕಬಹುದು. ಮೀನಿನ ಜೀನ್ ಕತೆ ಪೂರ್ತಿ ಕಟ್ಟುಕತೆ ಅಲ್ಲ, ಅದಕ್ಕೇ ಅದು ಇಷ್ಟು ವರ್ಷ ಸಾಯದೆ ಓಡಾಡ್ತಿದೆ. 1990ರ ದಶಕದ ಶುರುವಲ್ಲಿ ಅಮೆರಿಕದ ಒಂದು ಕಂಪನಿ, ಕೊರೆಯೋ ತಣ್ಣೀರಲ್ಲಿ ಬದುಕೋ ಒಂದು ಚಪ್ಪಟೆ ಸಮುದ್ರಮೀನಿನ ಜೀನನ್ನ ಟೊಮ್ಯಾಟೊ ಗಿಡಕ್ಕೆ ಸೇರಿಸಿ, ಹಿಮ ಬಿದ್ರೂ ತಡ್ಕೊಳ್ಳುತ್ತಾ ಅಂತ ಪರೀಕ್ಷೆ ಮಾಡಿತ್ತು. ಅದು ಗೆಲ್ಲಲಿಲ್ಲ, ಮಾರ್ಕೆಟ್ಟಿಗೆ ಬರಲೇ ಇಲ್ಲ, ಯಾವ ದೇಶದಲ್ಲೂ. ಅಮೆರಿಕದಲ್ಲಿ 1994ರಲ್ಲಿ ಬೇರೆ ಒಂದು ಕುಲಾಂತರಿ (ಜಿಎಂ ಅನ್ನೋದು ಇದನ್ನೇ) ಟೊಮ್ಯಾಟೊ ಅಂಗಡಿಗೆ ಬಂದಿದ್ದು ಹೌದು, ಬೇಗ ಮೆತ್ತಗಾಗದ ಹಾಗೆ ಮಾಡಿದ್ದು, ಅದರಲ್ಲಿ ಮೀನೂ ಇಲ್ಲ ಮಾಂಸನೂ ಇಲ್ಲ, ಮೂರ್ನಾಲ್ಕು ವರ್ಷದಲ್ಲಿ ಅದೂ ಹೋಯ್ತು. ಭಾರತದಲ್ಲಿ ಕುಲಾಂತರಿ ಟೊಮ್ಯಾಟೊ ಬೆಳೆಯೋಕೆ ಅನುಮತಿನೇ ಇಲ್ಲ.

ಈಗ ನಿಮ್ಮ ಮಾವನ ವಿಷಯ, ನನಗೆ ಇದೇ ಜಾಸ್ತಿ ಬೇಜಾರಾಗಿದ್ದು. ನಾನು ತರಕಾರಿ ತಳಿ ಅಭಿವೃದ್ಧಿಯಲ್ಲಿ 26 ವರ್ಷ ಕೆಲಸ ಮಾಡಿದವನು, ರಿಟೈರ್ ಆದಮೇಲೆ ಬೆಂಗಳೂರು ಸುತ್ತಮುತ್ತಲ ಸಾವಯವ ರೈತರ ಗುಂಪುಗಳಿಗೆ ಬೀಜದ ವಿಷಯದಲ್ಲಿ ಸಲಹೆ ಕೊಡ್ತೀನಿ. ಅಂದ್ರೆ ಎರಡೂ ಕಡೆಯವರು ನನ್ನನ್ನ ಆ ಕಡೆಯವನು ಅಂತ ಅಂದ್ಕೊಂಡಿರ್ತಾರೆ, ಇರಲಿ. ಹೈಬ್ರಿಡ್ ಅಂದ್ರೆ ಒಂದು ಟೊಮ್ಯಾಟೊ ಗಿಡದ ಪರಾಗ ತಗೊಂಡು ಇನ್ನೊಂದು ಟೊಮ್ಯಾಟೊ ಗಿಡದ ಹೂವಿಗೆ ಕೈಯಲ್ಲಿ ಹಚ್ಚೋದು, ಅಷ್ಟೇ. ರಾಣೆಬೆನ್ನೂರು ಕಡೆ ಹೋದ್ರೆ ಹೆಣ್ಮಕ್ಕಳು ಬೆಳಿಗ್ಗೆಯಿಂದ ಕೂತು ಚಿಮಟ ಹಿಡ್ಕೊಂಡು ಮೊಗ್ಗು ಬಿಡಿಸಿ ಇದೇ ಕೆಲಸ ಮಾಡೋದು ಕಾಣುತ್ತೆ. ಟೊಮ್ಯಾಟೊಗೆ ಟೊಮ್ಯಾಟೊನೇ ಸಂಬಂಧ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ಹೆಸರು ಮಾವ ಕೇಳಿರ್ತಾರೆ, ಎಲೆ ಮುದುರು ವೈರಸ್, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯೋದು, ಅದೂ ಹೈಬ್ರಿಡ್ಡೇ, ಕುಲಾಂತರಿ ಅಲ್ಲ. ಮಾವನ ರಾಗಿನೂ ಹಾಗೇ. ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನ ಕೊಟ್ರು, ನಮ್ಮ ಅರ್ಧ ಜನ ಅದರ ಮುದ್ದೆ ತಿಂದೇ ಬೆಳೆದಿದ್ದು. ಅದನ್ನ ನಾಟಿ ರಾಗಿ ಅಂತ ಮಾರೋರೂ ಇದ್ದಾರೆ, ಆ ಕತೆ ಇನ್ನೊಂದು ದಿನ.

ಕುಲಾಂತರಿ ಅಂದ್ರೆ ಬೇರೆ. ಅಲ್ಲಿ ಲ್ಯಾಬಲ್ಲಿ ಒಂದು ಜೀನನ್ನ ಎತ್ತಿ ಗಿಡಕ್ಕೆ ಸೇರಿಸ್ತಾರೆ, ಅದು ಸಂಬಂಧನೇ ಇಲ್ಲದ ಜೀವಿಯಿಂದಲೂ ಬರಬಹುದು. ಬಿಟಿ ಹತ್ತಿಯಲ್ಲಿ ಕಾಯಿ ಕೊರೆಯೋ ಹುಳ ಸಾಯಲಿ ಅಂತ ಹಾಕಿದ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನ್ ಇದೆ, ಬಿಟಿ ಅನ್ನೋದು ಆ ಬ್ಯಾಕ್ಟೀರಿಯಾದ ಚುಟುಕು ಹೆಸರು. ಹೈಬ್ರಿಡ್ ಹತ್ತಿ ಇದಕ್ಕಿಂತ 30 ವರ್ಷ ಮುಂಚೆ, 1972ರಲ್ಲೇ ಧಾರವಾಡದಿಂದ ವರಲಕ್ಷ್ಮಿ ಅಂತ ಬಂದಿತ್ತು. ಎರಡನ್ನೂ ಒಂದೇ ಅನ್ನೋದು, ಮದುವೆ ಮಾಡ್ಸೋದೂ ಆಪರೇಷನ್ ಮಾಡ್ಸೋದೂ ಒಂದೇ ಅಂದಹಾಗೆ. ಬೀಜ ಇಲ್ಲದ ಕಲ್ಲಂಗಡಿ, ರೆಡ್ ಲೇಡಿ ಪಪ್ಪಾಯ, ಸ್ವೀಟ್ ಕಾರ್ನ್, ಬಣ್ಣಬಣ್ಣದ ದೊಣ್ಣೆ ಮೆಣಸಿನಕಾಯಿ, ಇವನ್ನೆಲ್ಲ ಜನ ಜಿಎಂ ಅಂತಾರೆ, ನಮ್ಮಲ್ಲಿ ಬೆಳೆಯೋದು ಯಾವುದೂ ಅಲ್ಲ. ಹವಾಯಿಯಲ್ಲಿ, ಚೀನಾದಲ್ಲಿ ಕುಲಾಂತರಿ ಪಪ್ಪಾಯ ಇದೆ, ಆ ಸುದ್ದಿ ಇಲ್ಲಿಗೆ ಬರೋ ಹೊತ್ತಿಗೆ ನಮ್ಮ ಪಪ್ಪಾಯಕ್ಕೆ ಅಂಟಿಕೊಳ್ತು. ಟೊಮ್ಯಾಟೊ ಕಲ್ಲಿನ ಥರ ಗಟ್ಟಿ ಇದೆ, ಹುಳಿ ಇಲ್ಲ, ಹಾಗಾಗಿ ಏನೋ ಮಾಡಿದ್ದಾರೆ ಅಂತಲೂ ಕೇಳ್ತಾರೆ. ಮಾಡಿರೋದು ನಿಜ, ಅದನ್ನ ಮಾಡಿದವರಲ್ಲಿ ನಾನೂ ಒಬ್ಬ! ಕೋಲಾರದ ಮಂಡಿಯಿಂದ ಲಾರಿ ಹತ್ತಿ ಹೊರರಾಜ್ಯಕ್ಕೆ ಹೋಗಿ ಇಳಿಯೋವರೆಗೆ ಒಡೀಬಾರದು ಅಂತ ವ್ಯಾಪಾರಿಗಳು ಕೇಳಿದ್ರು, ನಾವು ದಪ್ಪ ಸಿಪ್ಪೆ ಇರೋ ಗಿಡಗಳನ್ನೇ ಆರಿಸ್ತಾ ಆರಿಸ್ತಾ ಬಂದ್ವಿ, ಆ ಗಡಿಬಿಡಿಯಲ್ಲಿ ರುಚಿ ಕೈತಪ್ಪಿ ಹೋಯ್ತು. ಅದಕ್ಕೆ ನಮ್ಮನ್ನ ಬೈಯಿರಿ, ಸರಿ. ಆದ್ರೆ ಅದು ಕುಲಾಂತರಿ ಅಲ್ಲ.

ಹಾಗಾದ್ರೆ ನಮ್ಮ ದೇಶದಲ್ಲಿ ಕುಲಾಂತರಿ ಎಲ್ಲಿದೆ? ರೈತರು ಕಾನೂನುಬದ್ಧವಾಗಿ ಬೆಳೀತಿರೋದು ಹತ್ತಿ ಒಂದೇ, 2002ರಲ್ಲಿ ಅನುಮತಿ ಸಿಕ್ತು, ಈಗ ಹತ್ತಿ ಬೆಳೆಯೋ ಜಾಗದಲ್ಲಿ ಶೇ. 90ಕ್ಕಿಂತ ಜಾಸ್ತಿ ಅದೇ. ಬಿಟಿ ಬದನೆಗೆ 2009ರ ಅಕ್ಟೋಬರಲ್ಲಿ ತಜ್ಞರ ಸಮಿತಿ ಹೂಂ ಅಂದಿತ್ತು, ಆಗ ಪರಿಸರ ಸಚಿವರಾಗಿದ್ದ ಜೈರಾಂ ರಮೇಶ್ ಏಳು ಊರುಗಳಲ್ಲಿ ಸಾರ್ವಜನಿಕ ಸಭೆ ಮಾಡಿದ್ರು, ಕೊನೆಯದು ನಮ್ಮ ಬೆಂಗಳೂರಲ್ಲಿ, ಆಮೇಲೆ 2010ರ ಫೆಬ್ರವರಿ 9ಕ್ಕೆ ತಡೆ ಹಾಕಿದ್ರು. ಸಾಸಿವೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು, ಸುಪ್ರೀಂ ಕೋರ್ಟಲ್ಲಿ 2024ರ ಜುಲೈನಲ್ಲಿ ಇಬ್ಬರು ನ್ಯಾಯಮೂರ್ತಿಗಳೂ ಬೇರೆ ಬೇರೆ ತೀರ್ಪು ಕೊಟ್ರು, ವಿಷಯ ಅಲ್ಲೇ ಜೋತಾಡ್ತಿದೆ. ನೀವು ಒಗ್ಗರಣೆಗೆ ಹಾಕೋ ಸಾಸಿವೆ ಅದಲ್ಲ.

ನೀವು ಕೇಳದೆ ಇರೋದನ್ನೂ ಹೇಳ್ತೀನಿ, ಯಾಕಂದ್ರೆ ಅಂಗಡಿಯವರು ಹೇಳಿರಲ್ಲ. ಕುಲಾಂತರಿ ನಿಮ್ಮ ಮನೆಗೆ ತರಕಾರಿ ಬುಟ್ಟಿಯಲ್ಲಿ ಬರಲ್ಲ, ಬಂದ್ರೆ ಎಣ್ಣೆ ಕ್ಯಾನಲ್ಲಿ ಬರುತ್ತೆ. ಅರ್ಜೆಂಟೀನಾ, ಬ್ರೆಜಿಲ್ ಕಡೆಯಿಂದ ಬರೋ ಸೋಯಾ ಎಣ್ಣೆ ಬಹುಪಾಲು ಕುಲಾಂತರಿ ಸೋಯಾದ್ದು, ಬಿಟಿ ಹತ್ತಿಬೀಜದ ಎಣ್ಣೆನೂ ಅಡುಗೆಗೆ ಹೋಗುತ್ತೆ, ಎಣ್ಣೆ ತೆಗೆದು ಉಳಿದ ಹತ್ತಿ ಹಿಂಡಿಯನ್ನ ಹಸುಗಳು ತಿಂತವೆ, ಆ ಹಾಲಲ್ಲೇ ನಿಮ್ಮ ಬೆಳಗಿನ ಕಾಫಿ. ಗಾಬರಿ ಬೇಡ, ರಿಫೈನ್ ಮಾಡಿದ ಎಣ್ಣೆಯಲ್ಲಿ ಪ್ರೋಟೀನೂ ಡಿಎನ್ಎನೂ ಹೆಚ್ಚುಕಮ್ಮಿ ಉಳಿಯೋದೇ ಇಲ್ಲ. ಪ್ಯಾಕೆಟ್ ಮೇಲೆ ಜಿಎಂ ಅಂತ ಬರೀಬೇಕು ಅನ್ನೋ ನಿಯಮ 2013ರಲ್ಲೇ ಬಂತು, ನೀವು ಒಂದು ಸಲನಾದ್ರೂ ನೋಡಿದೀರಾ? ನಾನಂತೂ ಇಲ್ಲ. ಗಾಣದ ಕಡಲೆಕಾಯಿ ಎಣ್ಣೆ ತಗೊಂಡ್ರೆ ಈ ಪ್ರಶ್ನೆನೇ ಇರಲ್ಲ, ರೇಟ್ ಮಾತ್ರ ಕೈ ಸುಡುತ್ತೆ.

ಆರೋಗ್ಯದ ವಿಷಯಕ್ಕೆ ಬಂದ್ರೆ, ಬಿಟಿ ಪ್ರೋಟೀನ್ ಕೆಲಸ ಮಾಡೋದು ಕಂಬಳಿಹುಳದ ಹೊಟ್ಟೆಯಲ್ಲಿ, ಅಲ್ಲಿ ಕ್ಷಾರ ಇರುತ್ತೆ, ಆ ಪ್ರೋಟೀನ್ ಕಚ್ಚಿಕೊಳ್ಳೋಕೆ ಬೇಕಾದ ಕೊಂಡಿ ಹುಳದ ಕರುಳಲ್ಲಿದೆ. ನಮ್ಮ ಹೊಟ್ಟೆಯಲ್ಲಿ ಆಮ್ಲ, ಆ ಕೊಂಡಿನೂ ಇಲ್ಲ, ಬೇಳೆ ಜೀರ್ಣ ಆದಹಾಗೆ ಅದೂ ಆಗುತ್ತೆ. ಇಲಿಗಳಿಗೆ ದೊಡ್ಡ ದೊಡ್ಡ ಗೆಡ್ಡೆ ಎದ್ದಿರೋ ಫೋಟೋ ವಾಟ್ಸಾಪಲ್ಲಿ ಬಂದಿರುತ್ತೆ ನಿಮಗೂ, ಅದು 2012ರ ಫ್ರಾನ್ಸಿನ ಒಂದು ಅಧ್ಯಯನದ್ದು, ಇಲಿಗಳ ಸಂಖ್ಯೆ ಕಮ್ಮಿ, ಆ ಜಾತಿ ಇಲಿಗೆ ವಯಸ್ಸಾದ್ರೆ ಗೆಡ್ಡೆ ತಾನಾಗೇ ಬರುತ್ತೆ, ಪ್ರಕಟ ಮಾಡಿದ ಪತ್ರಿಕೆನೇ ಮರುವರ್ಷ ಅದನ್ನ ವಾಪಸ್ ತಗೊಳ್ತು. ಆಮೇಲೆ ಬೇರೆ ಪತ್ರಿಕೆಯಲ್ಲಿ ಮತ್ತೆ ಬಂತು, ಆದ್ರೆ ಅದರ ತೊಂದರೆಗಳು ಹಾಗೇ ಇದ್ವು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 2016ರಲ್ಲಿ ನೂರಾರು ಅಧ್ಯಯನ ಜಾಲಾಡಿ, ಈಗ ಮಾರಾಟದಲ್ಲಿರೋ ಕುಲಾಂತರಿ ಆಹಾರ ಮಾಮೂಲಿ ಆಹಾರಕ್ಕಿಂತ ಆರೋಗ್ಯಕ್ಕೆ ಹೆಚ್ಚು ಅಪಾಯ ಅನ್ನೋಕೆ ಆಧಾರ ಸಿಗಲಿಲ್ಲ ಅಂತ ಹೇಳ್ತು. ಹಾಗಂತ ಮುಂದೆ ಬರೋದೆಲ್ಲ ಕಣ್ಮುಚ್ಚಿ ತಿನ್ನಬಹುದು ಅಂತಲ್ಲ, ಒಂದೊಂದು ಬೆಳೆಯನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡ್ಲೇಬೇಕು, ಮಾಡೋರು ಕಂಪನಿ ಕಡೆಯವರೇ ಆಗಿರಬಾರದು ಅನ್ನೋದು ನ್ಯಾಯವಾದ ಬೇಡಿಕೆ.

ಈಗ ನಿಮ್ಮ ಒಳ್ಳೆ ಪ್ರಶ್ನೆ, ಇಷ್ಟು ವರ್ಷದಿಂದ ವಿರೋಧ ಮಾಡ್ತಿದ್ದಾರೆ ಅಂದ್ರೆ ಏನೋ ಇರಬೇಕಲ್ವಾ ಅಂತ. ಇದೆ. ಆದ್ರೆ ಅದು ನಿಮ್ಮ ಸಾರಿನ ಪಾತ್ರೆಯಲ್ಲಿಲ್ಲ, ಮಾವನ ಬೀಜದ ಡಬ್ಬಿಯಲ್ಲಿದೆ. ಕರ್ನಾಟಕದಲ್ಲಿ ಈ ಜಗಳ ಶುರುವಾಗಿದ್ದು ಕುಲಾಂತರಿ ಬರೋಕೂ ಮುಂಚೆ. 1992ರ ಡಿಸೆಂಬರಲ್ಲಿ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘದವರು ಬೆಂಗಳೂರಲ್ಲಿ ಕಾರ್ಗಿಲ್ ಬೀಜ ಕಂಪನಿ ಆಫೀಸಿಗೆ ನುಗ್ಗಿ ಕಾಗದಪತ್ರ ಹೊರಗೆಸೆದು ಸುಟ್ರು, ಆಗ ಮಾತು ವಿಶ್ವ ವ್ಯಾಪಾರ ಒಪ್ಪಂದದ ಕರಡಾಗಿದ್ದ ಡಂಕೆಲ್ ಪ್ರಸ್ತಾವದ್ದು, ಬೀಜಕ್ಕೆ ಪೇಟೆಂಟ್ ಬಂದ್ರೆ ನಮ್ಮ ಗತಿ ಏನು ಅನ್ನೋದು. 1998ರಲ್ಲಿ ರಾಯಚೂರು, ಬಳ್ಳಾರಿ ಕಡೆ ಬಿಟಿ ಹತ್ತಿ ಪ್ರಯೋಗದ ಹೊಲಗಳನ್ನ ಕಿತ್ತು ಸುಟ್ರು, ಹೊಲದ ಮಾಲೀಕರಿಗೇ ಅಲ್ಲಿ ಏನು ಬಿತ್ತಿದ್ದಾರೆ ಅಂತ ಸರಿಯಾಗಿ ಹೇಳಿರಲಿಲ್ಲ ಅನ್ನೋದು ಆಗಿನ ದೊಡ್ಡ ಆರೋಪ. ಸುಡೋದು ಸರಿನಾ ಅಂತ ಆಗ ನಾನು ಸಹೋದ್ಯೋಗಿಗಳ ಜೊತೆ ಕ್ಯಾಂಟೀನಲ್ಲಿ ಜಗಳ ಆಡಿದ್ದೆ, ಈಗಲೂ ಪ್ರಯೋಗ ಸುಡೋದು ತಪ್ಪು ಅಂತಲೇ ನನ್ನ ಲೆಕ್ಕ, ಆದ್ರೆ ಅವರು ಕೇಳಿದ ಪ್ರಶ್ನೆ ತಪ್ಪಾಗಿರಲಿಲ್ಲ.

ಯಾಕೆ ಅಂದ್ರೆ ಆಮೇಲೆ ಆಗಿದ್ದು ನೋಡಿ. ಬಿಟಿ ಹತ್ತಿ ಶುರುವಲ್ಲಿ 450 ಗ್ರಾಂ ಪ್ಯಾಕೆಟ್ಟಿಗೆ 1,600 ರೂಪಾಯಿ ಆಸುಪಾಸು, ಅದರಲ್ಲಿ ಮುಕ್ಕಾಲು ಭಾಗ ಜೀನಿನ ಬಾಬ್ತು. ಆಂಧ್ರ ಸರ್ಕಾರ ಕೇಸ್ ಹಾಕಿ 2006ರಲ್ಲಿ 750ಕ್ಕೆ ಇಳಿಸೋವರೆಗೆ ಅದೇ ಕತೆ. ನಮ್ಮಲ್ಲಿ ಆ ಜೀನನ್ನ ಹೈಬ್ರಿಡ್ಡಲ್ಲೇ ಕೊಟ್ರು, ಹೈಬ್ರಿಡ್ ಬೀಜ ಕಟ್ಟಿಟ್ಟು ಮುಂದಿನ ವರ್ಷ ಬಿತ್ತಿದ್ರೆ ಗಿಡ ಒಂದೊಂದು ಒಂದೊಂದು ಥರ ಬರುತ್ತೆ, ಹಾಗಾಗಿ ಪ್ರತಿವರ್ಷ ಅಂಗಡಿಗೇ ಹೋಗಬೇಕು. ಬೀಜ ಮೊಳೆಯದ ಹಾಗೆ ಮಾಡೋ 'ಟರ್ಮಿನೇಟರ್' ಬೀಜದಿಂದ ಹೀಗಾಯ್ತು ಅಂತ ಭಾಷಣದಲ್ಲಿ ಹೇಳ್ತಾರೆ, ಅದು ಮಾರಾಟಕ್ಕೇ ಬಂದಿಲ್ಲ, ನಮ್ಮ 2001ರ ಸಸ್ಯ ತಳಿ ಕಾಯ್ದೆಯಲ್ಲಿ ಅಂಥ ತಳಿಯ ನೋಂದಣಿಗೇ ಜಾಗ ಇಲ್ಲ, ರೈತ ಬೀಜ ಕಟ್ಟಿಟ್ಟುಕೊಳ್ಳೋ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಕೈ ಕಟ್ಟಿಹಾಕಿದ್ದು ಹೈಬ್ರಿಡ್ ಅನ್ನೋ ವ್ಯಾಪಾರದ ದಾರಿ.

ಹುಳ ಏನಾಯ್ತು? ಮೊದಲ ಕೆಲವು ವರ್ಷ ಹಸಿರು ಕಾಯಿಕೊರಕಕ್ಕೆ ಹೊಡೆಯೋ ಔಷಧಿ ನಿಜಕ್ಕೂ ಕಮ್ಮಿ ಆಯ್ತು, ಇದನ್ನ ಸಾವಯವದ ಗೆಳೆಯರು ಒಪ್ಪಲ್ಲ, ಆದ್ರೆ ನಾನು ಹೊಲದಲ್ಲಿ ನೋಡಿದ್ದು. ಆಮೇಲೆ ಗುಲಾಬಿ ಕಾಯಿಕೊರಕ ಪಳಗಿತು, ಗುಜರಾತಲ್ಲಿ 2010ರ ಹೊತ್ತಿಗೆ ಒಂದು ಜೀನಿಗೆ, 2015ರ ಹೊತ್ತಿಗೆ ಎರಡು ಜೀನಿರೋ ಹತ್ತಿಗೂ. ಪ್ರತಿ ಪ್ಯಾಕೆಟ್ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜ ಕೊಡ್ತಿದ್ರು, ಹೊಲದ ಸುತ್ತ ಬಿತ್ತಿ, ಹುಳ ಅಲ್ಲಿ ಬದುಕಿಕೊಳ್ಳಲಿ, ಆಗ ಅದು ಪಳಗಲ್ಲ ಅಂತ. ಹುಳ ಸಾಕೋಕೆ ಯಾವ ರೈತ ಬೀಜ ಬಿತ್ತಾನೆ ಹೇಳಿ? ಎಷ್ಟೋ ಜನ ಅದನ್ನ ಬದುವಿಗೆ ಎಸೆದ್ರು. ಯಾಕೆ ಬಿತ್ತಬೇಕು ಅಂತ ಅವರಿಗೆ ಅರ್ಥ ಆಗೋಹಾಗೆ ಯಾರೂ ಹೇಳಲಿಲ್ಲ, ಅದು ನಮ್ಮ ಇಲಾಖೆಗಳ, ವಿಶ್ವವಿದ್ಯಾಲಯಗಳ ಸೋಲು.

ಇನ್ನೊಂದು ಬೆರಕೆಯ ಭಯ. ಸಾವಯವ ಪ್ರಮಾಣಪತ್ರದಲ್ಲಿ ಕುಲಾಂತರಿ ಬೀಜ ಪೂರ್ತಿ ನಿಷೇಧ, ಈಗ ಸಾವಯವ ಹತ್ತಿ ಬೆಳೀತೀನಿ ಅಂದ್ರೆ ಬಿಟಿ ಅಲ್ಲದ ಬೀಜ ಹುಡುಕೋದೇ ಒಂದು ತಪಸ್ಸು, ಸಿಕ್ರೂ ಪಕ್ಕದ ಹೊಲದಿಂದ ಜೇನು ಪರಾಗ ತಂದು ಹಾಕಿದ್ರೆ ಅಥವಾ ಬೀಜದಿಂದ ಹತ್ತಿ ಬಿಡಿಸೋ ಜಿನ್ನಿಂಗ್ ಮಿಲ್ಲಲ್ಲಿ ಕಲಸಿಹೋದ್ರೆ ಟೆಸ್ಟಲ್ಲಿ ಫೇಲು, ನಷ್ಟ ಏನೂ ತಪ್ಪು ಮಾಡದ ರೈತಂದು. ಬದನೆಯಲ್ಲಿ ಈ ಭಯ ಇನ್ನೂ ದೊಡ್ಡದು, ಬದನೆ ನಮ್ಮ ದೇಶದ್ದೇ ಬೆಳೆ, ಉಡುಪಿಯ ಮಟ್ಟುಗುಳ್ಳದಂಥ ತಳಿಗಳು ಊರೂರಿಗೂ ಇವೆ, ಒಂದು ಸಲ ಕಲಸಿದ್ರೆ ಬೇರೆ ಮಾಡೋಕಾಗಲ್ಲ. ಇನ್ನೊಂದು ಕಡೆ, ಬದನೆ ಬೆಳೆಯೋರು ಕಾಯಿಕೊರಕಕ್ಕೆ ವಾರಕ್ಕೆ ಎರಡು ಸಲ ಔಷಧಿ ಹೊಡೆಯೋದನ್ನ ನೋಡಿದಾಗ, ಬಿಟಿ ಬದನೆ ಬಂದಿದ್ರೆ ಇದಾದ್ರೂ ತಪ್ತಿತ್ತೇನೋ ಅಂತಲೂ ನನಗೆ ಅನ್ನಿಸಿದೆ. ಬಾಂಗ್ಲಾದೇಶದವರು 2013ರಲ್ಲಿ ಒಪ್ಪಿಗೆ ಕೊಟ್ಟು ಬೆಳೀತಿದ್ದಾರೆ. ಇದರಲ್ಲಿ ನನ್ನ ಮನಸ್ಸು ಇನ್ನೂ ಎರಡು ಕಡೆ ಇದೆ, ಮುಚ್ಚಿಡಲ್ಲ.

ಹೀಗೆ ಬೀಜ ಯಾರದ್ದು, ಬೆರಕೆ ಆದ್ರೆ ದಂಡ ಯಾರು ಕಟ್ತಾರೆ, ಪರೀಕ್ಷೆ ಯಾರು ಮಾಡ್ತಾರೆ, ಇಷ್ಟು ಗಟ್ಟಿ ಪ್ರಶ್ನೆಗಳು ಕೈಯಲ್ಲಿರುವಾಗ ಸಾವಯವದ ಕೆಲವರು ಮೀನಿನ ಜೀನು, ಇಲಿ ಗೆಡ್ಡೆ ಅಂತ ಹೆದರಿಸೋಕೆ ಹೋಗಿ ತಮ್ಮ ಕೇಸನ್ನ ತಾವೇ ಹಾಳು ಮಾಡ್ಕೊಳ್ತಾರೆ. ಹೆದರಿಕೆ ಬೇಗ ಮಾರಾಟ ಆಗುತ್ತೆ, ಸರಿ, ಆದ್ರೆ ಅದರ ಪೆಟ್ಟು ಬಿದ್ದಿದ್ದು ನಿಮ್ಮ ಮಾವನಂಥ ರೈತನಿಗೆ.

ಮಕ್ಕಳ ವಿಷಯದಲ್ಲಿ ಚಿಂತೆ ಮಾಡಲೇಬೇಕು ಅಂದ್ರೆ ಎರಡಕ್ಕೆ ಮಾಡಿ: ಬೆಳೆಗೆ ಹೊಡೆಯೋ ಔಷಧಿ, ಬೆಳೆಗೆ ಹಾಯಿಸೋ ನೀರು. ಹೂಕೋಸು, ದೊಣ್ಣೆ ಮೆಣಸಿನಕಾಯಿ, ಬದನೆ, ದ್ರಾಕ್ಷಿ ಇವಕ್ಕೆ ಔಷಧಿ ಜಾಸ್ತಿ ಬೀಳುತ್ತೆ. ಹರಿಯೋ ನೀರಲ್ಲಿ ಉಜ್ಜಿ ತೊಳೆದ್ರೆ ಮೇಲಿನದು ಸುಮಾರು ಹೋಗುತ್ತೆ, ಗಿಡದೊಳಗೆ ಇಳಿದಿರೋದು ಹೋಗಲ್ಲ, ಉಪ್ಪುನೀರಲ್ಲಿ ನೆನೆಸಿದ್ರೂ ಅಷ್ಟೇ. ಸುವರ್ಣಗೆಡ್ಡೆ, ಬಾಳೆದಿಂಡು, ಬೂದಗುಂಬಳ, ನುಗ್ಗೆಸೊಪ್ಪು, ಬಸಳೆ, ಹಲಸು, ಇವಕ್ಕೆ ಸಾಮಾನ್ಯವಾಗಿ ಯಾರೂ ಅಷ್ಟು ಔಷಧಿ ಹೊಡೆಯಲ್ಲ, ಡಬಲ್ ರೇಟ್ ಕೊಡೋ ಅಗತ್ಯನೂ ಇಲ್ಲ. ನೀರಿನ ಮಾತಂದ್ರೆ ಸೊಪ್ಪು. ವೃಷಭಾವತಿ ಹರಿಯೋ ಕಡೆ, ಬೈರಮಂಗಲದ ಆಸುಪಾಸು, ನಗರದ ಕೊಳಚೆ ಮತ್ತು ಫ್ಯಾಕ್ಟರಿ ನೀರಲ್ಲಿ ಬೆಳೆದ ಬೆಳೆಯಲ್ಲಿ ಸೀಸ, ಕ್ಯಾಡ್ಮಿಯಂ ಸಿಕ್ಕಿರೋದು ಹಳೇ ಸುದ್ದಿ. ಇದನ್ನ ಬೀಜ ನಾಟಿನೋ ಹೈಬ್ರಿಡ್ಡೋ ಅನ್ನೋದು ತಪ್ಪಿಸಲ್ಲ. ಸೊಪ್ಪಿನವರನ್ನ ಯಾವ ಊರು, ಯಾವ ನೀರು ಅಂತ ಕೇಳಿ, ಹೇಳೋರ ಹತ್ರ ತಗೊಳ್ಳಿ. ಅಂಗಡಿಯವರನ್ನೂ ಕೇಳಿ, ಪ್ಯಾಕೆಟ್ ಮಾಲಾದ್ರೆ ಸರ್ಕಾರದ ಸಾವಯವ ಗುರುತು ಇದೆಯಾ, ಬಿಡಿ ತರಕಾರಿ ಆದ್ರೆ ಯಾವ ರೈತರ ಗುಂಪು, ಸರ್ಟಿಫಿಕೇಟ್ ಯಾವುದು ಅಂತ. ಹುಳ ಇದ್ರೆ ಸಾವಯವ ಅನ್ನೋ ಉತ್ತರ ಬಂದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ, ಔಷಧಿ ಹೊಡೆದ ಬದನೆಯಲ್ಲೂ ಹುಳ ಇರುತ್ತೆ.

ಇನ್ನು ಮಾವ. ಸಾವಯವಕ್ಕೆ ಬರೋಕೆ ಹೈಬ್ರಿಡ್ ಬಿಡಬೇಕು ಅಂತ ನಿಯಮ ಇಲ್ಲ. ಕುಲಾಂತರಿ ಇರಬಾರದು, ಬೀಜಕ್ಕೆ ರಾಸಾಯನಿಕ ಲೇಪನ ಇರಬಾರದು, ಪ್ಯಾಕೆಟ್ಟಲ್ಲಿ ಗುಲಾಬಿ ಬಣ್ಣದ ಬೀಜ ಬಂದ್ರೆ ಅದೇ ಲೇಪನ. ಬೀಜ ತಾವೇ ಕಟ್ಕೊಳ್ಳೋ ಆಸೆ ಇದ್ರೆ ಅರ್ಕಾ ವಿಕಾಸ್ ಥರದ ಶುದ್ಧ ತಳಿ ಬೆಳೀಬಹುದು, ಆದ್ರೆ ರೋಗ ತಡೆಯೋದ್ರಲ್ಲಿ ಹೈಬ್ರಿಡ್ ಮುಂದೆ. ಸರ್ಟಿಫಿಕೇಟಿಗೆ ಎರಡು ದಾರಿ. ರಫ್ತು ಮಾಡೋರು ಮಾಡಿಸೋದು ಮೂರನೆಯವರು ಬಂದು ತಪಾಸಣೆ ಮಾಡೋ ಪದ್ಧತಿ, ಖರ್ಚು ಜಾಸ್ತಿ. ಎರಡು ಎಕರೆಗೆ ಪಿಜಿಎಸ್ ಸಾಕು, ಅಕ್ಕಪಕ್ಕದ ಕನಿಷ್ಠ ಐದು ಜನ ರೈತರು ಗುಂಪು ಮಾಡಿಕೊಂಡು ಒಬ್ಬರ ಹೊಲ ಒಬ್ಬರು ನೋಡಿ ಸಾಕ್ಷಿ ಹೇಳೋದು. ಬದಲಾಗೋ ಅವಧಿ ಮುಗಿಯೋವರೆಗೆ ಹಸಿರು ಗುರುತು, ಆಮೇಲೆ ಪೂರ್ತಿ ಸಾವಯವದ್ದು. ಆ ಎರಡು ಮೂರು ವರ್ಷ ಇಳುವರಿ ಬೀಳುತ್ತೆ, ರೇಟು ಏರಲ್ಲ, ಮನೆಯಲ್ಲಿ ಜಗಳ ಆಗುತ್ತೆ, ಇದನ್ನ ಮೊದಲೇ ಹೇಳಿಬಿಡಬೇಕು. ಎಷ್ಟೋ ಜನ ದೊಡ್ಡಬಳ್ಳಾಪುರ ಕಡೆಯ ಸಾವಯವ ಕೃಷಿಕ ನಾರಾಯಣ ರೆಡ್ಡಿಯವರ ಭಾಷಣ ಕೇಳಿ ಹುಮ್ಮಸ್ಸಲ್ಲಿ ಒಂದೇ ಸಲ ಪೂರ್ತಿ ಜಮೀನು ಬದಲಾಯಿಸಿ, ಎರಡನೇ ವರ್ಷಕ್ಕೆ ಯೂರಿಯಾ ಅಂಗಡಿಗೆ ವಾಪಸ್ ಬಂದಿದ್ದು ನೋಡಿದೀನಿ. ರೆಡ್ಡಿಯವರ ತಪ್ಪಲ್ಲ ಅದು, ಅವರು ಮಣ್ಣು ಕಟ್ಟೋಕೆ ವರ್ಷಗಟ್ಟಲೆ ದುಡಿದಿದ್ರು.

ಹಾಗಾಗಿ ಟೊಮ್ಯಾಟೊದಿಂದ ಶುರು ಮಾಡಬೇಡಿ, ಸಾವಯವಕ್ಕೆ ಟೊಮ್ಯಾಟೊನೇ ಬಲು ಕಷ್ಟದ ಬೆಳೆ, ಎಲೆ ಮುದುರು, ಅಂಗಮಾರಿ, ಈಗ ಊಜಿ ಅಂತ ಕರೆಯೋ ಹುಳ ಬೇರೆ. ರಾಗಿ, ಅವರೆ, ತೊಗರಿ ಹಾಕಿರೋ ಅರ್ಧ ಎಕರೆಯಿಂದ ಶುರುವಾಗಲಿ.

ಶಿಡ್ಲಘಟ್ಟ ಅಂದಿದ್ದಕ್ಕೆ, ಅದು ರೇಷ್ಮೆಯ ಊರು, ಒಂದು ಮುಖ್ಯವಾದ ಮಾತು. ಸಾವಯವದಲ್ಲಿ ಕಾಯಿಕೊರಕಕ್ಕೆ ಬಿಟಿ ಪುಡಿ ಹೊಡೆಯೋಕೆ ಅನುಮತಿ ಇದೆ. ಹೌದು, ಬಿಟಿ ಹತ್ತಿಗೆ ಜೀನ್ ಕೊಟ್ಟ ಅದೇ ಬ್ಯಾಕ್ಟೀರಿಯಾ, ಸಾವಯವದವರು ದಶಕಗಳಿಂದ ಬಳಸ್ತಿದ್ದಾರೆ, ಬಿಸಿಲಿಗೆ ಬೇಗ ಸತ್ತುಹೋಗುತ್ತೆ ಅನ್ನೋದೇ ಅದರ ಗುಣ. ಆದ್ರೆ ಆ ಬ್ಯಾಕ್ಟೀರಿಯಾ ಮೊದಲು ಪತ್ತೆ ಆಗಿದ್ದು 1901ರಲ್ಲಿ ಜಪಾನಲ್ಲಿ, ಸಾಯ್ತಿದ್ದ ರೇಷ್ಮೆಹುಳಗಳ ಹೊಟ್ಟೆಯಲ್ಲಿ. ಮಾವನ ಹೊಲದ ಪಕ್ಕ ಹಿಪ್ಪುನೇರಳೆ ತೋಟ ಇದ್ದೇ ಇರುತ್ತೆ, ಗಾಳಿಗೆ ಆ ಪುಡಿ ಸೊಪ್ಪಿನ ಮೇಲೆ ಕೂತ್ರೆ ಪಕ್ಕದವರ ಹುಳದ ಮನೆ ಒಂದೇ ಬೆಳೆಗೆ ಖಾಲಿ. ಮಾವ ಆ ಪುಡಿನ ಮುಟ್ಟೋದೇ ಬೇಡ. ಪತಂಗನ ವಾಸನೆಯಿಂದ ಸೆಳೆದು ಹಿಡಿಯೋ ಮೋಹಕ ಬಲೆ ಕಟ್ಟಲಿ, ಕೊರೆದ ಕಾಯಿ ಕಿತ್ತು ಹೂಳಲಿ. ಬೇವಿನ ಕಷಾಯ ಹೊಡೆಯೋದಿದ್ರೂ ತೋಟದವರಿಗೆ ಮೊದಲೇ ಹೇಳಿ, ಅವರು ಸೊಪ್ಪು ಕುಯ್ಯೋ ದಿನ ಕೇಳ್ಕೊಂಡೇ ಹೊಡೆಯಲಿ, ಬೇವೂ ರೇಷ್ಮೆಹುಳಕ್ಕೆ ಆಗಿಬರಲ್ಲ.

ಅಲ್ಲಿವರೆಗೆ ಮಾವನ ಟೊಮ್ಯಾಟೊನ ನೀವೇ ತಿನ್ನಿ. ಕ್ರೇಟ್ ಬಂದಾಗ ಕೊನೇ ಔಷಧಿ ಹೊಡೆದು ಎಷ್ಟು ದಿನ ಆಯ್ತು, ಡಬ್ಬಿ ಮೇಲೆ ಕಾಯೋಕೆ ಎಷ್ಟು ದಿನ ಅಂತ ಬರೆದಿದೆ ಅಂತ ಕೇಳಿ. ಮಗನ ಮನೆಗೆ ಅಂದ್ರೆ ಅವರು ಕಾದೇ ಕಿತ್ತಿರ್ತಾರೆ, ನನ್ನ ಅನುಭವದಲ್ಲಿ ಮನೆಗೆ ಅಂತ ಬೇರೆ ಸಾಲು ಇಟ್ಟಿರದ ರೈತ ಕಮ್ಮಿ.